ತೇಪೆ

ಪುಂತಾ ಅರೆನಾಸ್‌ನಲ್ಲಿ ಗಾಳಿ ನಿಂತ ದಿನ
ನಾವು ಬೀದಿಗೆ ಬಂದು ಏನಾಯಿತೆಂದು ಕೇಳುತ್ತೇವೆ.
ಎರ್ಮೀನಿಯಾಳ ಅಂಗಡಿಯಲ್ಲಿ ಮಾತ್ರ
ಹತ್ತೊಂಬತ್ತು ವರ್ಷದಿಂದ ಒಂದೇ ಹವೆ:
ಪರದೆಯ ತುಂಬ ಹಸಿರು ಗುಡ್ಡ, ಮೇಲೊಂದಿಷ್ಟು ಮೋಡ.

ಕಸೂತಿ ಯಂತ್ರ ಆ ಗುಡ್ಡದ ಮಾತು ಬಿಟ್ಟು
ಬೇರೆ ಯಾರ ಮಾತೂ ಕೇಳುವುದಿಲ್ಲ.
ಅದರಲ್ಲೇ ಶಾಲೆಯ ಲಾಂಛನ, ಹಡಗಿನವರ ಹೆಸರು,
ಅದರಲ್ಲೇ ಬ್ಯಾಂಕು.

“ಇದಕ್ಕಿನ್ನು ತೇಪೆ ಬರುವುದಿಲ್ಲ” ಎಂದೆ, ರಿಪೇರಿಗೆ ಹೋದವನು.
ನಕ್ಕಳು. ಅವಳ ತೊಡೆಯ ಮೇಲೆ
ಯಾವನೋ ಮೀನುಗಾರನ ಕೋಟು, ಮೊಣಕೈಗೆ ಮೂರನೇ ತೇಪೆ.
“ಬಟ್ಟೆ ಇದ್ದಷ್ಟು ದಿನ ಹೊಲಿಯಬಹುದು, ಮಗಾ.”
ಹೊಲಿಯುವವರು ಎದ್ದು ಹೋಗಿದ್ದಾರೆ, ಎಂದೆ.
ತೂತು ಗೊತ್ತಿರುವವರು ಹೋಗಿಲ್ಲ.

ಸೂಜಿ ನಿಂತಿತು.
“ಎಷ್ಟು ದೊಡ್ಡ ತೂತು?”
ಕಾಣುವುದಿಲ್ಲ, ಎಂದೆ. ಅದೇ ತೊಂದರೆ.

ಹಲ್ಲಿನಿಂದ ದಾರ ಕಡಿಯುವಷ್ಟೇ ಸಲೀಸಾಗಿ
ಬಗ್ಗಿ, ಗೋಡೆಯ ನೀಲಿ ತಂತಿ ಕಿತ್ತಳು.
ಗುಡ್ಡ ಅಲ್ಲೇ ಇತ್ತು, ಹಸಿರಾಗಿ.
ಯಂತ್ರ ಟಕಟಕ ಲಂಗರೊಂದನ್ನು ಹೊಲಿಯತೊಡಗಿತು.
ಬ್ಯಾಂಕಿಗೆ ಇನ್ನು ಬಸ್ಸು ಹತ್ತುತ್ತಾಳಂತೆ, ಶುಕ್ರವಾರ.

ಪಾಸ್‌ವರ್ಡು ಬರೆದ ಚೀಟಿ ಮಾತ್ರ
ಇನ್ನೂ ಗುಂಡಿ ಡಬ್ಬಿಯೊಳಗಿದೆ.
ಅದನ್ನು ನಾನು ನೋಡಿದ್ದೇನೆ.
ನೋಡಿಲ್ಲವೆಂದೂ ಹೇಳಿದ್ದೇನೆ.