ನಾಲ್ಕು ಕಲ್ಲು

ಮುದಗಲ್ಲಿನ ಕೋಟೆ ಹಿಂದೆ, ಹಳೇ ಕ್ವಾರಿ ದಾಟಿ
ಬಳ್ಳಾರಿ ಜಾಲಿ ತೆಳುವಾಗಿ ಬಯಲು ಬಿಚ್ಚುವಲ್ಲಿ
ಬೈಕು ನಿಲ್ಲಿಸಿದೆ. ಹೋಳಿ ಮುಗಿದು ಎಂಟು ದಿನ.
ಕಿವಿ ಹಿಂದಿನ ಬಣ್ಣ ಇನ್ನೂ ಹೋಗಿಲ್ಲ,
ಬಂಡೆಗಾಗಲೇ ಜ್ವರ.

ಹೆಗಲಿಗೆ ಮದುವೆಯ ಕ್ಯಾಮೆರಾ.
ನಿನ್ನೆವರೆಗೆ ಅದು ಕಂಡದ್ದು ಅಕ್ಷತೆ,
ಬಾಸಿಂಗದಡಿಯ ಬೆವರು,
ಊಟದ ಸಾಲಿನಲ್ಲಿ ಸೆರಗಿಗೆ ಮುಖ ಕೊಟ್ಟ ಸೋದರತ್ತೆ.
ನಾಳೆ ಹಟ್ಟಿಯಲ್ಲಿ ಇನ್ನೊಂದು ಮದುವೆ.
ನಡುವೆ ಈ ಒಂದು ಬೆಳಗು ನನ್ನದು.

ಟಿಟ್ಟಿಭವೊಂದು ತಲೆ ಮೇಲೆ ಸುತ್ತು ಹೊಡೆದು
ಊರಿಗೆಲ್ಲ ಕೇಳುವಂತೆ ಬೈಯುತ್ತಿದೆ.
"ಸ್ವಲ್ಪ ಈ ಕಡೆ ನೋಡ್ರಿ, ಗದ್ದ ಮ್ಯಾಲೆ" ಅನ್ನಲು
ಇದೇನು ಮದುಮಗಳೇ?
ಕಣ್ಣಂಚಿಗೆ ಕುಂಕುಮ, ಕಾಲಿಗೆ ಅರಿಶಿಣ,
ಉಡುಪೇನೋ ಮದುವೆಯದೇ. ಮರ್ಜಿ ಅಲ್ಲ.

ಕುರಿ ಹೊಡೆದುಕೊಂಡು ಬಂದ ಅಮರಮ್ಮ
ಕೋಲು ಅಡ್ಡ ಹಿಡಿದಳು: "ಹೆಜ್ಜಿ ನೋಡಿ ಇಡಪಾ."
ನೋಡಿದೆ. ಕಲ್ಲು, ಬರೀ ಕಲ್ಲು.
ಲೆನ್ಸಿನಲ್ಲಿ ನೋಡಿದೆ. ಅದೇ ಕಲ್ಲು, ದೊಡ್ಡದಾಗಿ.
"ಅದನ್ನ ಇಳಿಸಿ ನೋಡು" ಅಂದಳು.
ಆಗ ಕಂಡವು:
ಬೊಗಸೆಯಷ್ಟು ತಗ್ಗಿನಲ್ಲಿ, ಹಿಕ್ಕೆ ಹರಳುಗಳ ನಡುವೆ
ಚೂಪು ತುದಿ ಒಳಗೆ ಮಾಡಿ ಕೂತ ನಾಲ್ಕು,
ಮೈಯೆಲ್ಲ ಚುಕ್ಕಿ,
ನೆಲವೇ ತನ್ನನ್ನು ಉಂಡೆ ಕಟ್ಟಿ ಇಟ್ಟುಕೊಂಡ ಹಾಗೆ.

ಮಂಡಿಯೂರಿದೆ. ಒಂದು ಕ್ಲಿಕ್.
ಎರಡನೆಯದಕ್ಕೆ ನನ್ನ ನೆರಳೇ ಅಡ್ಡ ಬಿತ್ತು.
ಸರಿಯಲು ಹೋದವನು ಸರಿಯಲಿಲ್ಲ;
ಬಿಸಿಲು ಅಷ್ಟೊತ್ತಿಗೆ ಕಾಯಿಸಿದ ಹಂಚು.
ಅಮರಮ್ಮ ನಕ್ಕಳು:
"ನೀ ಕುಂತ್ರ ತಾಯಿ ಬರಂಗಿಲ್ಲ,
ಎದ್ರ ಬಿಸಲು ಬಡಿತೈತಿ.
ಲಗೂನ ಏಳು."

ದೂರ ಹೋಗಿ ಜಾಲಿ ಬುಡದಲ್ಲಿ ಕೂತೆವು.
ಅವಳ ಬುತ್ತಿಯ ಸಜ್ಜೆ ರೊಟ್ಟಿ ನನಗೂ ಅರ್ಧ.
ಕ್ವಾರಿ ತಗ್ಗಿನ ನೀರಲ್ಲಿ ಎದೆ ತೊಯಿಸಿಕೊಂಡು ಹಕ್ಕಿ
ಓಡಿತು, ನಿಂತಿತು, ಓಡಿತು,
ಯಾರದೋ ಮನೆ ಕೆಲಸಕ್ಕೆ ಬಂದವಳಂತೆ
ಬೇರೆ ಕಡೆ ನೋಡುತ್ತ ನೋಡುತ್ತ
ಮೆಲ್ಲಗೆ ಮೊಣಕಾಲು ಮಡಚಿತು.
ಅಲ್ಲಿ ಎಷ್ಟು ಹನಿ ಇಳಿಯಿತೋ, ಯಾವುದಕ್ಕೆ ಇಳಿಯಿತೋ.
ಕ್ಯಾಮೆರಾ ಚೀಲದಲ್ಲಿತ್ತು.

ವಾರದ ಮೇಲೆ ರಾಯಚೂರಿನ ಆಲ್ಬಮ್ ಹುಡುಗ ಖಾಸಿಮನ ಫೋನು:
"ಅಣ್ಣಾ, ಮದಲಗಿತ್ತಿ ಫೋಟೋದಾಗ
ಒಂದು ಕಲ್ಲಿನ ಫೋಟೋ ಸೇರೈತಿ.
ತೆಗೀಲೇನು?"

ಇರಲಿ ಬಿಡಪಾ, ಅಂದೆ.
ಇನ್ನೂ ಇಪ್ಪತ್ತು ದಿನ ಬೇಕಂತ.