ಹೆಬ್ಬೆಟ್ಟು

ತಪಸ್ಸುಕಾಲದಲ್ಲೇ ನಮ್ಮಲ್ಲಿ ಕಾಫಿ ಹೂಬಿಡುವುದು.
ಇಗರ್ಜಿಯೊಳಗೆ ಶಿಲುಬೆಗೆ ನೇರಳೆ ಬಟ್ಟೆ ಹೊದಿಸಿ
ಕೀರ್ತನೆಯನ್ನೂ ದನಿ ತಗ್ಗಿಸಿ ಹಾಡುವ ವಾರ,
ಹೊರಗೆ ಹೂಮಳೆ ಬಿದ್ದು ಒಂಬತ್ತನೇ ದಿನ,
ಇಡೀ ಸಿದ್ದಾಪುರ ಮದುವೆಮನೆಯ ಹಾಗೆ ಬೆಳ್ಳಗೆ.
ದೇವರಿಗೆ ಪಂಚಾಂಗ ತಿಳಿಯದೇನೋ ಎಂದು
ಆ ವರ್ಷ ನಾನು ಗಟ್ಟಿಯಾಗಿಯೇ ಅಂದಿದ್ದೆ.

ನಾನು ಇನಾಸ್. ತೋಟದ ರೈಟರು.
ಇಪ್ಪತ್ತಾರು ಕೊಯ್ಲು ಹಣ್ಣು ತೂಗಿದವನು.
ಚೀಲವನ್ನು ಕೊಕ್ಕೆಗೆ ಸಿಕ್ಕಿಸಿ, ತಳಕ್ಕೆ ಹೆಬ್ಬೆಟ್ಟು ಕೊಟ್ಟು
ಉಗುರಿನಷ್ಟು ಎತ್ತಿದರೆ ಸಾಕು,
ಮುಳ್ಳು ಅರ್ಧ ಕಿಲೋ ಹಿಂದೆ ಸರಿಯುತ್ತಿತ್ತು.
"ಹಣ್ಣು ಒದ್ದೆ" ಎನ್ನುತ್ತಿದ್ದೆ,
ಸುಡು ಬಿಸಿಲಿರುವಾಗಲೂ.
ಅವರು ಪುಸ್ತಕದಲ್ಲಿ ನೀಲಿ ಹೆಬ್ಬೆಟ್ಟು ಒತ್ತಿ
ಸೀರೆಗೆ ಒರೆಸಿಕೊಂಡು ಹೋಗುತ್ತಿದ್ದರು.
ಆ ಅರ್ಧರ್ಧ ಸೇರಿಯೇ ಪೀಠದ ಎಡಕ್ಕೆ
ಹಿತ್ತಾಳೆಯ ದೀಪಕಂಬ ಬಂತು;
ಬುಡದಲ್ಲಿ ನನ್ನ ಹೆಸರಿದೆ, ಹೋದರೆ ನೋಡಿ.

ಇದೇ ಹೆಬ್ಬೆಟ್ಟಿನಿಂದ ರಾತ್ರಿ
ಜಸಿಂತಳ ಹಣೆಗೆ ಶಿಲುಬೆಯ ಗುರುತು ಎಳೆಯುತ್ತಿದ್ದೆ.
ಹನ್ನೊಂದು ವರ್ಷ.
"ಪಪ್ಪಾ, ಸಿಪ್ಪೆ ವಾಸನೆ" ಎಂದು ಮೂಗು ಮುರಿಯುವಳು.
ಜ್ವರ ಮಿದುಳಿಗೇರಿತು. ಮೈಸೂರಿಗೆ ಹೊರಟ ವ್ಯಾನು
ಪಿರಿಯಾಪಟ್ಟಣ ದಾಟುವಾಗ
ಆ ಹಣೆ ತಣ್ಣಗಾಗಿತ್ತು.

ಲೆಕ್ಕದವನು ನಾನು; ಲೆಕ್ಕ ಹಾಕಿದೆ.
ಇಷ್ಟು ಚೀಲ, ಇಷ್ಟು ಅರ್ಧ ಕಿಲೋ, ಒಟ್ಟು ಇಷ್ಟು ಟನ್ನು.
ಅದರೆದುರು ಒಂದು ಮಗು, ಇಪ್ಪತ್ತೊಂಬತ್ತು ಕಿಲೋ.
ಫಾದರ್ ಹಿಲರಿಯ ಬಳಿ ಮಂಡಿಯೂರಿ
"ವಸೂಲಿ ಮಾಡಿಕೊಂಡ" ಎಂದೆ,
ಹೆಚ್ಚುಕಮ್ಮಿ ಹೆಮ್ಮೆಯಿಂದಲೇ.
ಜಾಲರಿಯ ಆಚೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ,
"ಇನಾಸ್, ದೇವರನ್ನೂ ರೈಟರು ಮಾಡಿಬಿಟ್ಟೆಯಲ್ಲ.
ಮಗು ಯಾಕೆ ಹೋಯಿತೋ ನನಗೆ ಗೊತ್ತಿಲ್ಲ.
ಗೊತ್ತು ಎನ್ನುವವರ ಹತ್ತಿರ ಹೋಗಬೇಡ.
ಆ ಕೊಕ್ಕೆಗೆ ಅವನು ನಿನ್ನ ಮಗಳನ್ನು ಹಾಕಲಿಲ್ಲ.
ಹಾಕಿದ್ದರೆ ತನ್ನ ಮಗನನ್ನೇ.
ಕದ್ದದ್ದನ್ನು ಹಿಂದಿರುಗಿಸು. ಪುಣ್ಯಕ್ಕಲ್ಲ,
ನೋವು ಇಳಿಯಲೆಂದೂ ಅಲ್ಲ. ಅದು ಅವರದು, ಅದಕ್ಕೆ."

ಲೈನ್ ಮನೆಗಳಲ್ಲಿ ಕೆಲವರು ಎಣಿಸಿ ತೆಗೆದುಕೊಂಡರು.
ಒಬ್ಬ ಮುಖಕ್ಕೇ ಉಗಿದ. ಸರಿಯೇ.
ಹಲವರು ಸತ್ತುಹೋಗಿದ್ದರು; ಅವರ ಕೋಣೆಗಳಲ್ಲಿ
ಅಸ್ಸಾಮಿನ ಹುಡುಗರು ನನ್ನ ಮಾತು ತಿಳಿಯದೆ
ಕುರ್ಚಿ ಕೊಟ್ಟರು.

ಕೊನೆಯ ಬಾಗಿಲು ಎರವರ ಕರ್ಪಿಯದು.
ಮಗುವನ್ನು ಮಣ್ಣಿಗಿಟ್ಟ ದಿನ ಕರೆಯದೆ ಬಂದು
ನನ್ನ ಹೆಂಡತಿಯ ತಲೆಗೆ ಎಣ್ಣೆ ಹಾಕಿ ಬಾಚಿ,
ಒಲೆ ಹಚ್ಚಿ, ಗಂಜಿ ಇಟ್ಟು, ಹೇಳದೆ ಹೋದವಳು.
ಇಗರ್ಜಿಯ ಬಾಗಿಲನ್ನೇ ಹೊಗದವಳು.
ನಲವತ್ತು ವರ್ಷ ನಾನು ಕಿವಿಯಲ್ಲಿ ಇಟ್ಟುಕೊಂಡದ್ದನ್ನು
ಒಂದು ಬಾಚಣಿಗೆಯಲ್ಲಿ ಮಾಡಿ ಮುಗಿಸಿದ್ದಳು.

"ಗೊತ್ತಿತ್ತು ರೈಟ್ರೆ, ಹೆಬ್ಬೆಟ್ಟಿನ ವಿಷ್ಯ.
ಬೈದಿದೀನಿ. ಆ ಕೈಗೆ ಹುಳ ಬೀಳ್ಲಿ ಅಂತ
ರಾತ್ರಿಯೆಲ್ಲ ಬೈದಿದೀನಿ.
ಮಗೂಗೆ ಬೈಲಿಲ್ಲ."
ಸ್ವಲ್ಪ ಹೊತ್ತು ಬಿಟ್ಟು,
"ನಂಗೂ ಎರಡು ಹೋಗಿದಾವೆ."

ಹಣ ಕೊಟ್ಟೆ. ಕೈ ತನ್ನ ಚಾಳಿಯಲ್ಲಿ
ಜೇಬಿನಿಂದ ಶಾಯಿಯ ಡಬ್ಬಿ ತೆಗೆದು ಚಾಚಿತು.
ಅವಳು ನಕ್ಕಳು, ಹಲ್ಲಿಲ್ಲದ ಬಾಯಿತುಂಬ:
"ಇದಕ್ಕೂ ಒತ್ಬೇಕಾ?"

ಮುಚ್ಚಳ ಹಾಕುವ ಗಡಿಬಿಡಿಯಲ್ಲಿ
ನೀಲಿ ಹತ್ತಿದ್ದು ನನಗೆ.
ಶುಭ ಶುಕ್ರವಾರ, ಬಟ್ಟೆ ಸರಿಸಿದ ಶಿಲುಬೆಯ ಪಾದ ಮುಟ್ಟಲು
ಸಾಲಿನಲ್ಲಿ ನಿಂತಾಗಲೂ ಹೋಗಿರಲಿಲ್ಲ.
ಮೊಳೆಯ ಪಕ್ಕ, ಮರದ ಮೇಲೆ ತುಸು ಅಂಟಿತು.
ಒರೆಸಲಿಲ್ಲ.

ಜಸಿಂತ ಬರಲಿಲ್ಲ.
ಹೊರಗೆ ಹೂವು ಕಂದಿ ಉದುರುತ್ತಿತ್ತು;
ಹಣ್ಣಾಗಲು ಇನ್ನೂ ಒಂಬತ್ತು ತಿಂಗಳು.