ಕಲ್ಯಾಣದಾಚೆ

ಮದುವೆಯಾದ ವರ್ಷ ನಮ್ಮ ಮನೆ
ಕಳವಾ ಸ್ಟೇಷನ್ನಿನ ಹತ್ತಿರವೇ ಇತ್ತು.
ಹನ್ನೆರಡು ಲಕ್ಷ. ಮುಂಗಡ ಎರಡೂವರೆ.
ನಮ್ಮ ಕೈಯಲ್ಲಿ ಹದಿನೇಳು ಸಾವಿರ,
ನಿಮ್ಮಕ್ಕ ಮುಯ್ಯಿ ಮಾಡಿದ ಹಿತ್ತಾಳೆ ಕೊಡ.
ಎರಡೂವರೆ ಆಗುವಷ್ಟರಲ್ಲಿ ಮನೆ
ಊರ ಹೆಸರಿಗೆ ತಕ್ಕಂತೆ ಕಳವಾಯಿತು.
ದಿವಾ ದಾಟಿ ಡೊಂಬಿವಲಿಯಲ್ಲಿ ನಿಂತಿತ್ತು,
ಇಪ್ಪತ್ತೆರಡು ಲಕ್ಷದ ಬೋರ್ಡು ಕೊರಳಿಗೆ ಹಾಕಿಕೊಂಡು.

ನಮ್ಮ ದುಡ್ಡು ಸ್ಲೋ ಲೋಕಲ್ಲು, ಮಾನಂದಿಯಪ್ಪಾ,
ಎಲ್ಲ ಸ್ಟೇಷನ್ನಿನಲ್ಲೂ ಅದಕ್ಕೊಂದು ಕೆಲಸ.
ನಿಮ್ಮ ತಮ್ಮನ ಮದುವೆಗೆ ಇಳಿಯಿತು,
ನನ್ನ ಗರ್ಭಚೀಲದ ಆಪರೇಶನ್ನಿಗೆ ಇಳಿಯಿತು,
ಜೂನಿನಲ್ಲಂತೂ ತಪ್ಪದೆ ಇಳಿಯಿತು:
ಶಾಲೆ, ಛತ್ರಿ, ಸೋರುವ ಪತ್ರೆಗೆ ಪ್ಲಾಸ್ಟಿಕ್ಕು.
ಮನೆ ಮಾತ್ರ ಫಾಸ್ಟ್ ಗಾಡಿಯ ಬಾಗಿಲಲ್ಲಿ
ಕಂಬಿ ಹಿಡಿದು, ಗಾಳಿಗೆ ಕೂದಲು ಬಿಟ್ಟು,
ನಮ್ಮ ಕಡೆ ನೋಡದೆ ಹೋಗುತ್ತಿತ್ತು.

ಸೀರೆಗೆ ಫಾಲು ಹಚ್ಚಿದರೆ ಮೂವತ್ತು ರೂಪಾಯಿ,
ಪೀಕೋ ಸೇರಿದರೆ ಐವತ್ತು.
ಫಾಲು ಅಂದರೆ ಯಾರ ಕಣ್ಣಿಗೂ ಬೀಳದ ಪಟ್ಟಿ,
ಸೀರೆ ನೆಟ್ಟಗೆ ನಿಲ್ಲುವುದು ಅದರಿಂದ.
ಯಾರದೋ ಗೃಹಪ್ರವೇಶದ ಸೀರೆ ಬಂದರೆ
ಹೊಲಿಗೆ ಇನ್ನಷ್ಟು ಒತ್ತೊತ್ತಾಗಿ ಹಾಕುತ್ತೇನೆ.
ಹೊಟ್ಟೆಕಿಚ್ಚಲ್ಲ.
ಇದ್ದರೂ ಇರಲಿ, ದಾರ ನನ್ನದು.

ರಾತ್ರಿ ಮುಲುಂಡಿನಲ್ಲಿ ಬಾಣಲೆ ಉಜ್ಜಿಟ್ಟು
ನೀವು ತರುವ ನೂರರ ನೋಟಿಗೆ ಎಣ್ಣೆಯ ವಾಸನೆ.
ಭಿಶಿಗೆ ಕೊಟ್ಟರೆ ಸುಲ್ತಾನಾಬೀ ಮೂಸಿ ನೋಡಿ
"ಇವತ್ತು ಮಿರ್ಚಿ ಭಜಿ" ಅನ್ನುತ್ತಾಳೆ.
ಮಾನಂದಿ ಬರೆದುಕೊಳ್ಳುತ್ತಾಳೆ,
ಗಣಿತದ ನೋಟ್‌ಬುಕ್ಕಿನ ಕೊನೇ ಪುಟದಿಂದ ಹಿಂದಕ್ಕೆ.
ಮುಂದಿನಿಂದ ಬೀಜಗಣಿತ ಬರುತ್ತಿದೆ.
ಎರಡೂ ಎದುರಾದ ದಿನ ಹೊಸ ಪುಸ್ತಕ ತರಬೇಕು,
ಅದೂ ಒಂದು ಖರ್ಚು.

ಹನ್ನೊಂದು ತಿಂಗಳಿಗೊಮ್ಮೆ ಗೋಡೆ ಬದಲು.
ಮೊಳೆ ಹೊಡೆಯುವಂತಿಲ್ಲ ಎಂದು
ಕಾಗದದಲ್ಲೇ ಬರೆಸಿಕೊಳ್ಳುತ್ತಾರೆ.
ಹೀಗಾಗಿ ನಿಮ್ಮ ಅಪ್ಪ ಅವ್ವನ ಫೋಟೋ
ಹದಿನಾಲ್ಕು ವರ್ಷದಿಂದ ಅಕ್ಕಿ ಡಬ್ಬಿಗೆ ಒರಗಿ ನಿಂತಿದೆ.
ಅಕ್ಕಿ ತೆಗೆಯುವಾಗ ಇಬ್ಬರನ್ನೂ ಎತ್ತಿ
ಹಾಸಿಗೆಯ ಮೇಲೆ ಕೂರಿಸುತ್ತೇನೆ.
"ಸ್ವಲ್ಪ ತಡೀರಿ" ಅನ್ನುತ್ತೇನೆ.

ಬದ್ಲಾಪುರದ ಸ್ಯಾಂಪಲ್ ಫ್ಲ್ಯಾಟು ನೆನಪಿದೆಯಾ?
ಪುಕ್ಕಟೆ ಬಸ್ಸು, ಪುಕ್ಕಟೆ ವಡಾಪಾವ್,
ಟೈ ಕಟ್ಟಿದ ಹುಡುಗ "ಸರ್" ಅಂದಾಗ
ಯಾರಿಗೆ ಅಂದನೋ ಎಂದು ನೀವು ಹಿಂದೆ ತಿರುಗಿದಿರಿ.
ಫ್ರಿಜ್ಜು ತೆರೆದರೆ ಒಳಗೆ ರಟ್ಟು.
ಗೋಡೆ ತುಂಬ ಯಾರದೋ ಮಕ್ಕಳು ನಗುತ್ತಿದ್ದರು.
ಮಾನಂದಿ ಒಂದು ಪಟ ಸರಿಸಿ ಹಿಂದೆ ನೋಡಿ
"ಅವ್ವಾ, ಇಲ್ಲಿ ಮೊಳೆ ಇದೆ" ಅಂದಳು.
ಬ್ಯಾಂಕಿನವಳು ಸಂಬಳದ ಚೀಟಿ ಕೇಳಿದಳು.
ನೀವು ಅಂಗೈ ತೋರಿಸಿದಿರಿ, ತಮಾಷೆಗೆ.
ಸುಟ್ಟ ಕಲೆ ನೋಡಿ ಆಕೆ ನಗಲಿಲ್ಲ.

ಈಗ ಮನೆ ವಾಂಗಣಿಯಲ್ಲಿದೆ. ಹದಿನೇಳು ಲಕ್ಷ.
ಮುಂಗಡ ಮೂರು ಲಕ್ಷ ನಲವತ್ತು ಸಾವಿರ.
ಮಾನಂದಿಯ ಪುಟದಲ್ಲಿ ಮೂರು ಲಕ್ಷ
ಹತ್ತು ಸಾವಿರದ ನಾನೂರು.
ಬಸವಕಲ್ಯಾಣ ಬಿಟ್ಟು ಬಂದವರನ್ನು
ಈ ಕಲ್ಯಾಣವೂ ಆಚೆಗೆ ದಾಟಿಸಿತಲ್ಲ
ಅಂತ ನೀವು ಮುಖ ಸಣ್ಣ ಮಾಡಿದಿರಿ.
ಆದರೆ ನೀವೇ ಒಮ್ಮೆ ಹೇಳಿದ್ದು ನನಗೆ ನೆನಪಿದೆ:
ಕಲ್ಯಾಣ ದಾಟಿದ ಮೇಲೆ
ಫಾಸ್ಟ್ ಗಾಡಿಯೂ ಎಲ್ಲ ಕಡೆ ನಿಲ್ಲುತ್ತದೆ.
ವಿಠ್ಠಲವಾಡಿಗೆ ನಿಲ್ಲಲೇಬೇಕು, ಉಲ್ಹಾಸನಗರಕ್ಕೂ,
ಮೂಟೆಯವರು ಹತ್ತಬೇಕು, ಮುದುಕಿ ಇಳಿಯಬೇಕು,
ಅದಕ್ಕೂ ನಮ್ಮ ಹಾಗೆ ತಡವಾಗಬೇಕು.

ಮೊನ್ನೆ ಎರಡಿಂಚಿನ ಮೊಳೆ ಆರು ತಂದೆ.
ಹನ್ನೆರಡು ರೂಪಾಯಿ, ಮಾನಂದಿಗೆ ಹೇಳಿಲ್ಲ.
ನಿಮ್ಮವರ ಫೋಟೋದ ಹಿಂದೆ ಕಾಗದದಲ್ಲಿ ಸುತ್ತಿಟ್ಟಿದ್ದೇನೆ,
ಅವರಿಗೆ ಗೊತ್ತು.

ಇನ್ನು ಐನೂರ ತೊಂಬತ್ತೆರಡು ಸೀರೆ.
ಮೊದಲನೆಯದು ಮಡಿಲಲ್ಲಿದೆ, ಗಿಣಿಹಸಿರು.
ನೀವು ಮಲಗಿ.
ಲೈಟು ಮಾತ್ರ ಆರಿಸಬೇಡಿ.